ಗಾಯಗೊಂಡ ಮಲ್ಲರ ಜೀವನೋಪಾಯ

ಮಲ್ಲವಿದ್ಯೆಯನ್ನು ಕುರಿತ ಬರಹಗಳಲ್ಲಿ ಗೆದ್ದವನ ಬಿರುದುಬಾವಲಿಗಳ ವರ್ಣನೆಯೇ ಹೆಚ್ಚು. ತೋಳು ಮುರಿದು ಕಣದಿಂದ ಹೊರಬಿದ್ದವನು ಮುಂದಿನ ತಿಂಗಳುಗಳಲ್ಲಿ ಏನನ್ನುಂಡು ಬದುಕಿದನೆಂಬ ಪ್ರಶ್ನೆಯನ್ನೆತ್ತಿದವರು ವಿರಳ. ಶ್ರೀರಂಗಪಟ್ಟಣದ ಅರಸರ ಆಶ್ರಯದಲ್ಲಿದ್ದ ಜಟ್ಟಿಗಳಿಗೂ, ಅದರ ಸುತ್ತಣ ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಗಳ ಗರಡಿಯಾಳುಗಳಿಗೂ ಈ ವಿಷಯದಲ್ಲಿ ಬಹಳ ಅಂತರವುಂಟು.

ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಪೋರ್ತುಗೀಸ ಕುದುರೆ ವರ್ತಕ ನೂನಿಜನು ಮಹಾನವಮಿಯ ಮಲ್ಲರನ್ನು ಕುರಿತು ಬರೆದಿರುವ ಮಾತೊಂದು ಇಲ್ಲಿ ಬಹು ಮುಖ್ಯವಾದುದು. ಸಾವಿರ ಮಂದಿ ಮಲ್ಲರು ಮೊನೆಯುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಹೊಡೆದಾಡುತ್ತಿದ್ದರು. ಹೆಚ್ಚು ಗಾಯಗೊಂಡವನೇ ಮುಂದೆ ಹೋಗಿ ಅರಸನಿಂದ ರೇಷ್ಮೆಯ ವಸ್ತ್ರವನ್ನು ಪಡೆಯುತ್ತಿದ್ದನು. ಇವರಿಗೆ ಒಬ್ಬ ನಾಯಕನಿದ್ದನು. ರಾಜ್ಯದಲ್ಲಿ ಇವರು ಬೇರೆ ಯಾವ ಊಳಿಗವನ್ನೂ ಮಾಡುತ್ತಿರಲಿಲ್ಲ ಎಂದು ಅವನ ಹೇಳಿಕೆ. ಗೆದ್ದವನಿಗಲ್ಲದೆ ನೊಂದವನಿಗೆ ಉಡುಗೊರೆಯೆಂಬುದು ವಿಚಿತ್ರವಾಗಿ ತೋರಬಹುದು. ಆದರೆ ಬೇರೆ ಊಳಿಗವಿಲ್ಲದವನಿಗೆ ದೇಹವೇ ಬಂಡವಾಳವಾದ್ದರಿಂದ, ಆ ವಸ್ತ್ರವನ್ನು ಮೆಚ್ಚುಗೆಯೆನ್ನುವುದಕ್ಕಿಂತ ನಷ್ಟಪರಿಹಾರವೆನ್ನುವುದೇ ಸಯುಕ್ತಿಕ.

ಕಾಳಗವೊಂದಕ್ಕೆ ಇಷ್ಟೆಂದು ಕೂಲಿ ಗೊತ್ತುಮಾಡದೆ ವರ್ಷವಿಡೀ ಮಲ್ಲರನ್ನು ಪೋಷಿಸುವ ಪದ್ಧತಿ ಕನ್ನಡ ನಾಡಿನಲ್ಲಿ ವಿಜಯನಗರಕ್ಕಿಂತ ಹಿಂದಿನದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು (ಭೂಲೋಕಮಲ್ಲನೆಂಬುದು ಅವನ ಬಿರುದೇ ಆಗಿತ್ತು!) ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದ ಪ್ರಕರಣದಲ್ಲಿ ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗನುಸಾರವಾಗಿ ವಿಂಗಡಿಸಿ, ಅವರಿಗೆ ಬೇಳೆ, ಮಾಂಸ, ಹಾಲು, ಸಕ್ಕರೆಗಳನ್ನು ಅರಸನೇ ಒದಗಿಸಬೇಕೆಂದು ವಿಧಿಸಿದೆ. ಅಲ್ಲಿ ಬರುವ ಜ್ಯೇಷ್ಠಿಕ ಶಬ್ದದಿಂದಲೇ ನಮ್ಮ ಜೆಟ್ಟಿ, ಜಟ್ಟಿ ಎಂಬ ರೂಪಗಳು ಬಂದಿರಬೇಕು.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅಲ್ಲಿ ಮಹಾನವಮಿಯನ್ನು ನೆರವೇರಿಸಿದರು. ಉತ್ಸವದೊಡನೆ ಜಟ್ಟಿಗಳಿಗೂ ಆಶ್ರಯ ದೊರೆಯಿತು. ತಿರುಚಿರಾಪಳ್ಳಿಯ ಜಟ್ಟಿಯನ್ನು ಕೊಂದನೆಂದು ಖ್ಯಾತಿವೆತ್ತ ಕಂಠೀರವ ನರಸರಾಜನ ಕಾಲದಲ್ಲಿ ಈ ವಿದ್ಯೆಗೆ ಮರ್ಯಾದೆ ಹೆಚ್ಚಾದುದು ಸಹಜವೇ. 1799ರ ಅನಂತರ ಅರಮನೆಯೊಡನೆ ದಸರವೂ ಮೈಸೂರಿಗೆ ಸಾಗಿತು. ಅಲ್ಲಿ ವಿಜಯದಶಮಿಯಂದು ಈಗಲೂ ನಡೆಯುವ ವಜ್ರಮುಷ್ಟಿ ಕಾಳಗವನ್ನು ಮೊದಲ ರಕ್ತಬಿಂದು ಕಂಡೊಡನೆ ನಿಲ್ಲಿಸುತ್ತಾರೆ. ಇದನ್ನು ಬರಿಯ ಶಾಸ್ತ್ರವೆಂದು ತಿಳಿಯುವವರಿದ್ದಾರೆ; ಆದರೆ ಮಲ್ಲನನ್ನು ಮರುವರ್ಷಕ್ಕೆ ಉಳಿಸಿಕೊಡುವ ಕಟ್ಟಳೆಯೂ ಇದೇ.

ಇಷ್ಟಾದರೂ ಅರಮನೆಯೊಂದನ್ನೇ ನಂಬಿ ಜಟ್ಟಿಗಳು ಬಾಳಿದವರಲ್ಲ. 1909ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದ ಥರ್ಸ್ಟನ್ ಅವರು, ತೆಲುಗು ಸೀಮೆಯ ಜಟ್ಟಿಗಳು ಮೈಯನ್ನು ನೀವಿ, ಲೇಪಗಳನ್ನು ತಿಕ್ಕಿ ನರನೋವುಗಳನ್ನು ವಾಸಿಮಾಡುತ್ತಿದ್ದರೆಂದೂ, ತಂಜಾವೂರಿನವರು ರಾಜರ ಭಂಡಾರಕ್ಕೆ ಕಾವಲಿದ್ದರೆಂದೂ ತಿಳಿಸಿದ್ದಾರೆ. ಮೈಸೂರು ಸೀಮೆಯ ಜಟ್ಟಿಗಳೂ ಕೀಲು ತಪ್ಪಿದ ಮೂಳೆಯನ್ನು ಕೂಡಿಸುವುದರಲ್ಲಿ ಕುಶಲರು. ತನ್ನ ಸಂಗಡಿಗನ ಭುಜವನ್ನು ಸರಿಪಡಿಸಲು ಕಲಿತವನು ರೈತನ ಮೊಣಕಾಲನ್ನೂ ಸರಿಪಡಿಸಬಲ್ಲನು. ಕಾದಲಾರದ ಮಲ್ಲನಿಗೂ ಕೈಬೆರಳುಗಳಲ್ಲಿ ವಿದ್ಯೆ ಉಳಿದಿರುತ್ತಿತ್ತು.

ಹಿಂದೆ ಹಿರೋಡೆಯೆನಿಸಿದ್ದ ಪಾಂಡವಪುರ, ಅತ್ತಿಕುಪ್ಪೆಯೆನಿಸಿದ್ದ ಕೃಷ್ಣರಾಜಪೇಟೆ, ಹಾಗೂ ನಾಗಮಂಗಲದ ಹಳ್ಳಿಗಳ ಪೈಲ್ವಾನರ ಸ್ಥಿತಿ ಬೇರೆ. ಈ ಸೀಮೆಯ ವೀರಗಲ್ಲುಗಳು ತುರುಗೋಳಿನಲ್ಲಿ ಮಡಿದವನನ್ನು ಸ್ಮರಿಸುತ್ತವೆ. ಶಾಸನಗಳಲ್ಲಿ ಕಾಣುವ ನೆತ್ತರುಗೊಡಗೆಯೂ ಸತ್ತವನ ಮನೆಯವರಿಗೆ ಸಲ್ಲುವ ಭೂಮಿ. ಕಾದಿ, ಕಾಲು ಮುರಿದು, ಬದುಕಿಕೊಂಡವನಿಗೆ ಕಲ್ಲೂ ಇಲ್ಲ, ಕೊಡಗೆಯೂ ಅಪೂರ್ವ. ಜಾತ್ರೆಯ ಕುಸ್ತಿಯಲ್ಲಿ ಇನಾಮು ಆ ದಿನದ ಜೋಡಿಗೆ ಮಾತ್ರ ಮೀಸಲು. ಪೆಟ್ಟಾದರೆ ಮನೆಯ ಹೊಲವೇ ಗತಿ. ಸ್ವಲ್ಪ ಹೆಸರಿದ್ದರೆ ಗರಡಿಯಲ್ಲಿ ಉಸ್ತಾದನಾಗಿ ಹುಡುಗರಿಗೆ ಪಟ್ಟುಗಳನ್ನು ಹೇಳಿಕೊಡಬಹುದು. ಅವನ ಮುರಿದ ಕೈಗೆ ಕಟ್ಟು ಕಟ್ಟಿದ ಜಟ್ಟಿಗೆ ಅದರಿಂದ ಸಂಪಾದನೆಯಾದರೆ, ಇವನಿಗೆ ಖರ್ಚು.

ರಾಜ್ಯ ಸರ್ಕಾರವು ಮಾಜಿ ಕುಸ್ತಿಪಟುಗಳಿಗೆ ಮಾಸಾಶನ ಕೊಡುತ್ತಿದೆ. ರಾಜ್ಯ, ರಾಷ್ಟ್ರ, ಅಂತರರಾಷ್ಟ್ರೀಯ ಮಟ್ಟಗಳಲ್ಲಿ ಕಾದಿರುವುದೂ ವಯಸ್ಸೂ ಅದಕ್ಕೆ ಆಧಾರ. ಮಟ್ಟಿಯ ಮೇಲೆ ಮೊಣಕಾಲು ಮುರಿದುಕೊಂಡ ಮೂವತ್ತರ ಪ್ರಾಯದ ನಾಡಕುಸ್ತಿಯವನು ಆ ಲೆಕ್ಕದಲ್ಲಿ ಬರುವುದಿಲ್ಲ. ನೂನಿಜನು ಕಂಡ ರೇಷ್ಮೆಯ ವಸ್ತ್ರವು ಗಾಯವನ್ನೇ ನೋಡಿ ಕೊಟ್ಟದ್ದಾಗಿತ್ತು.