ಮಹಾವ್ಯಾಧನ ಕಾಲಡಿಯ ಮೊಲ

ಜನವರಿಯಲ್ಲಿ ಊರಿಗೆ ಹೋಗಿದ್ದಾಗ ಊಟ ಮುಗಿಯುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಬೆಂಗಳೂರಿನಲ್ಲಾದರೆ ಬೈದುಕೊಳ್ಳುತ್ತಿದ್ದೆ. ಅಲ್ಲಿ ಮಾತ್ರ ಖುಷಿಯಾಯಿತು. ಮಗಳನ್ನು ಕರೆದುಕೊಂಡು ಅಂಗಳಕ್ಕೆ ಬಂದರೆ ಆಕಾಶದ ತುಂಬ ನಕ್ಷತ್ರ!

ಸೊಂಟಪಟ್ಟಿಯ ಮೂರು ನಕ್ಷತ್ರಗಳ ಮಹಾವ್ಯಾಧನನ್ನು, ಅಂದರೆ ಓರಿಯನ್‌ನನ್ನು, ಯಾರಾದರೂ ಗುರುತಿಸುತ್ತಾರೆ. ಅವನ ಎಡಕ್ಕೆ ಕೆಳಗೆ ಝಗಮಗಿಸುವ ಲುಬ್ಧಕನೂ ಗೊತ್ತು. ಇವರಿಬ್ಬರ ಅಬ್ಬರದಲ್ಲಿ ನಾವು ನೋಡದೇ ಬಿಡುವುದು ಬೇಟೆಗಾರನ ಕಾಲಡಿಯಲ್ಲಿರುವ ಪುಟ್ಟ ಮೊಲವನ್ನು. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಮಹಾವ್ಯಾಧನ ಪಾದಗಳ ಕೆಳಗೇ ಸಿಗುತ್ತದೆ.

"ಮೊಲ ಇರೋದು ಚಂದ್ರನಲ್ಲಿ ಅಲ್ವಾ ಅಪ್ಪಾ?" ಅಂದಳು ಮಗಳು.

ಸರಿಯಾದ ಪ್ರಶ್ನೆಯೇ. ನಮ್ಮ ಮೊಲ ಚಂದ್ರನಲ್ಲಿದೆ, ಅದಕ್ಕೇ ಅವನು ಶಶಾಂಕ. ನಕ್ಷತ್ರಗಳ ಈ ಮೊಲ ಗ್ರೀಕರದ್ದು. ಎರಡನೇ ಶತಮಾನದಲ್ಲಿ ಟಾಲೆಮಿ ಪಟ್ಟಿ ಮಾಡಿದ 48 ಪುಂಜಗಳಲ್ಲಿ ಇದೂ ಒಂದು. ಚಿತ್ರ ಗ್ರೀಕರದ್ದಾದರೂ ನಕ್ಷತ್ರಗಳ ಹೆಸರು ಅರಬ್ಬರವು. ಎಲ್ಲಕ್ಕಿಂತ ಪ್ರಕಾಶಮಾನವಾದ ಅರ್ನೆಬ್ ಎಂದರೆ ಮೊಲ ಎಂದೇ ಅರ್ಥ. ಅದರ ಬೆಳಕು ನಮ್ಮನ್ನು ತಲುಪಲು ಸುಮಾರು 2,200 ವರ್ಷ ಬೇಕು. ಎರಡನೆಯದು ನಿಹಾಲ್, ಬಾಯಾರಿಕೆ ತೀರಿಸಿಕೊಳ್ಳುತ್ತಿರುವ ಒಂಟೆಗಳು. ಚೀನೀಯರಿಗೆ ಇದೇ ನಕ್ಷತ್ರಗಳಲ್ಲಿ ಕಂಡದ್ದು ಪಾಯಿಖಾನೆ! ಮಗಳು ನಕ್ಕಿದ್ದೇ ನಕ್ಕಿದ್ದು.

ಬರಿಗಣ್ಣಿಗೆ ಸುಲಭವಾಗಿ ಕಾಣದ ಒಂದು ವಿಶೇಷವೂ ಈ ಪುಂಜದಲ್ಲಿದೆ. 1845ರಲ್ಲಿ ಲಂಡನ್ನಿನ ಜಾನ್ ರಸೆಲ್ ಹಿಂಡ್ ಇಲ್ಲೊಂದು ಕಡುಕೆಂಪು ನಕ್ಷತ್ರವನ್ನು ಕಂಡ. ಕಪ್ಪು ಹಿನ್ನೆಲೆಯಲ್ಲಿ ರಕ್ತದ ಹನಿಯಂತೆ ಕಂಡಿತಂತೆ. ಅದರ ಹೊರಪದರದಲ್ಲಿರುವ ಇಂಗಾಲ ನೀಲಿ ಬೆಳಕನ್ನು ನುಂಗಿಬಿಡುವುದರಿಂದ ಆ ಬಣ್ಣ. ಸುಮಾರು ಹದಿನಾಲ್ಕು ತಿಂಗಳಿಗೊಮ್ಮೆ ಮಂಕಾಗಿ ಮತ್ತೆ ಬೆಳಗುತ್ತದೆ.

ಇರಲಿ, ನಾನು ಹೇಳಹೊರಟಿದ್ದು ಬೇರೆ. ಬೇಟೆಗಾರನ ಕಾಲಡಿಯಲ್ಲಿ ಮೊಲ ಇರುವುದು ಸಹಜ ಅಂದುಕೊಳ್ಳುತ್ತೇವೆ. ಆದರೆ ಹೈಜಿನಸ್ ಹೆಸರಿನಲ್ಲಿರುವ ಲ್ಯಾಟಿನ್ ಖಗೋಳ ಗ್ರಂಥ ಬೇರೊಂದು ಕತೆಯನ್ನೂ ಹೇಳುತ್ತದೆ. ಏಜಿಯನ್ ಸಮುದ್ರದ ಲೆರೋಸ್ ದ್ವೀಪದಲ್ಲಿ ಮೊಲಗಳೇ ಇರಲಿಲ್ಲವಂತೆ. ಒಬ್ಬ ಹುಡುಗ ಆಸೆಪಟ್ಟು ಹೊರಗಿನಿಂದ ಗಬ್ಬದ ಮೊಲವೊಂದನ್ನು ತಂದು ಸಾಕಿದ. ನೋಡಿದವರಿಗೆಲ್ಲ ಆಸೆಯಾಯಿತು, ಮನೆಮನೆಯಲ್ಲೂ ಮೊಲ. ಕೆಲವೇ ದಿನಗಳಲ್ಲಿ ದ್ವೀಪದ ತುಂಬ ಅವೇ! ಹಾಕಲು ಮೇವಿಲ್ಲದಾದಾಗ ಹೊಲಕ್ಕೆ ನುಗ್ಗಿ ಬೆಳೆಯನ್ನೆಲ್ಲ ಮೇದವು. ಹಸಿವಿನಿಂದ ಕಂಗೆಟ್ಟ ಜನ ಒಟ್ಟಾಗಿ, ತುಂಬಾ ಕಷ್ಟಪಟ್ಟು, ಅವನ್ನು ಓಡಿಸಿದರು. ಆಸೆಪಟ್ಟು ತಂದದ್ದೇ ದುಃಖಕ್ಕೆ ಕಾರಣವಾಗಬಹುದು ಎಂಬುದು ನೆನಪಿರಲೆಂದು ಮೊಲದ ಚಿತ್ರವನ್ನು ಆಕಾಶದಲ್ಲಿಟ್ಟರಂತೆ.

ನಕ್ಷತ್ರಗಳ ಕತೆಗಳಲ್ಲಿ ವೀರರು, ದೇವತೆಗಳು ಎಷ್ಟೊಂದಿಲ್ಲ! ಸಾಮಾನ್ಯ ಜನ ತಮ್ಮ ತಪ್ಪನ್ನೇ ಮರೆಯದಿರಲು ಆಕಾಶದಲ್ಲಿಟ್ಟ ಕತೆ ನಾನು ಓದಿದ್ದು ಇದೊಂದೇ.

ಇಟ್ಟರೂ ಏನಾಯಿತು? 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ಎರಡು ಡಜನ್‌ನಷ್ಟು ಮೊಲಗಳನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾಕ್ಕೆ ತರಿಸಿದ. ಅವು ಖಂಡದ ಬಹುಭಾಗಕ್ಕೆ ಹರಡಿದವು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1901ರಿಂದ 1907ರವರೆಗೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದದ ಬೇಲಿ ಹಾಕಿದರು. ಅದು ಮುಗಿಯುವ ಮೊದಲೇ ಮೊಲಗಳು ಆಚೆ ದಾಟಿದ್ದವು. ತಮಾಷೆಯೆಂದರೆ, ಆ ದಕ್ಷಿಣದ ನಾಡಿನಲ್ಲಿ ಮಹಾವ್ಯಾಧ ತಲೆಕೆಳಗಾಗಿ ಕಾಣುತ್ತಾನೆ, ನಕ್ಷತ್ರದ ಮೊಲ ಅವನಿಗಿಂತ ಮೇಲೆ, ನೆತ್ತಿಯ ಹತ್ತಿರವೇ ಇರುತ್ತದೆ. ತಲೆ ಎತ್ತಿದ್ದರೆ ಸಾಕಿತ್ತು..

ಬೇರೆಯವರನ್ನು ಆಡಿಕೊಳ್ಳುವುದು ಸುಲಭ ಬಿಡಿ. ನಮ್ಮ ಅಜ್ಜ ಹೂವು ಚೆಂದ, ದನ ಮುಟ್ಟುವುದಿಲ್ಲ ಎಂದು ಯಾರದೋ ಮನೆಯಿಂದ ನಾಲ್ಕು ಲಂಟಾನ ಕಡ್ಡಿ ತಂದು ತೋಟದ ಬೇಲಿಗೆ ನೆಟ್ಟಿದ್ದರು. ಅದೂ ಅಮೆರಿಕ ಖಂಡದಿಂದ ಚೆಂದಕ್ಕೆಂದು ಬಂದ ಗಿಡವೇ. ಈಗ ಬೇಲಿಯಾಚೆ ದನ ಮೇಯುತ್ತಿದ್ದ ಜಾಗದಲ್ಲಿ ಕಾಲಿಡಲಾಗುವುದಿಲ್ಲ. ಅಪ್ಪ ವರ್ಷಾ ವರ್ಷಾ ಕತ್ತಿ ಹಿಡಿದು ಸವರುತ್ತಾರೆ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ.

ಮರುದಿನ ಬೆಳಿಗ್ಗೆ ಮಗಳನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋದೆ. "ಇದು ನಮ್ಮ ಮೊಲ" ಅಂದೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು, ಅಲ್ವಾ?