ಮುನ್ನುಡಿಯಲ್ಲಿ ನಿಂತ ಸಾಕ್ಷಿಗಳು

ಜನಾಂಗ ಭೇದವನ್ನು ಸಾಹಿತ್ಯ ಹೇಗೆ ಚಿತ್ರಿಸಿದೆ ಎಂದರೆ ನಾವು ಕಥೆಯ ಒಳಗೆ ಹುಡುಕುತ್ತೇವೆ: ಚಾಟಿಯೇಟು, ಹರಾಜುಕಟ್ಟೆ, ತಾಯಿಯ ಮಡಿಲಿಂದ ಕಿತ್ತುಕೊಂಡ ಕೂಸು. ಅಮೆರಿಕದ ಕಪ್ಪು ಲೇಖಕರ ಆರಂಭದ ಪುಸ್ತಕಗಳಲ್ಲಿ ಅದು ಕಥೆ ಶುರುವಾಗುವ ಮೊದಲೇ, ಮುನ್ನುಡಿಯ ಪುಟಗಳಲ್ಲೇ ಎದುರಾಗುತ್ತದೆ.

ಆಫ್ರಿಕಾದಿಂದ ಹಡಗಿನಲ್ಲಿ ತಂದು 1761ರಲ್ಲಿ ಬಾಸ್ಟನ್ನಿನಲ್ಲಿ ಮಾರಲಾದ ಏಳೆಂಟು ವರ್ಷದ ಹುಡುಗಿ ಫಿಲಿಸ್ ವೀಟ್ಲಿ. 1773ರಲ್ಲಿ ಅವಳ ಕವನ ಸಂಕಲನ ಹೊರಬಂತು. ಅಚ್ಚಾದದ್ದು ಲಂಡನ್ನಿನಲ್ಲಿ, ಬಾಸ್ಟನ್ನಿನಲ್ಲಿ ಸಾಕಷ್ಟು ಚಂದಾದಾರರು ಸಿಗಲಿಲ್ಲ. ಪುಸ್ತಕದ ಮೊದಲಿಗೆ ಬಾಸ್ಟನ್ನಿನ 18 ಗಣ್ಯರ ಹೇಳಿಕೆಯಿದೆ. ಈ ಪದ್ಯಗಳನ್ನು ಈಕೆಯೇ ಬರೆದಿದ್ದಾಳೆಂದು ನಾವು ನಂಬುತ್ತೇವೆ ಎನ್ನುವುದು ಅದರ ಸಾರ. ಸಹಿ ಹಾಕಿದವರಲ್ಲಿ ಗವರ್ನರ್ ಥಾಮಸ್ ಹಚಿನ್ಸನ್ ಇದ್ದಾರೆ. ನಮ್ಮಲ್ಲೂ ಹೊಸ ಕವಿ ಹಿರಿಯರ ಮನೆಗೆ ಮುನ್ನುಡಿಗಾಗಿ ಅಲೆಯುತ್ತಾನೆ, ಆದರೆ ಪದ್ಯ ಚೆನ್ನಾಗಿದೆ ಎನ್ನಿಸಿಕೊಳ್ಳಲು. ವೀಟ್ಲಿಗೆ ಬೇಕಾಗಿದ್ದದ್ದು ಪದ್ಯ ತನ್ನದೇ ಎಂಬ ಪ್ರಮಾಣಪತ್ರ. ಅಷ್ಟಾದರೂ ಥಾಮಸ್ ಜೆಫರ್ಸನ್ ಆಕೆಯನ್ನು ಕವಿಯೆಂದು ಒಪ್ಪಲಿಲ್ಲ.

1845ರಲ್ಲಿ ಬಂದ ಫ್ರೆಡರಿಕ್ ಡಗ್ಲಸ್‌ನ ಆತ್ಮಕಥೆಗೂ ವಿಲಿಯಂ ಲಾಯ್ಡ್ ಗ್ಯಾರಿಸನ್, ವೆಂಡೆಲ್ ಫಿಲಿಪ್ಸ್ ಎಂಬ ಇಬ್ಬರು ಬಿಳಿಯರ ಮಾತುಗಳು ಕಾವಲಿಗಿದ್ದವು. ಆತನ ಭಾಷಣ ಎಷ್ಟು ಸೊಗಸಾಗಿತ್ತೆಂದರೆ, ಇವನು ಗುಲಾಮನಾಗಿದ್ದವನೇ ಅಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಅನುಮಾನ ತೊಡೆಯಲು ಡಗ್ಲಸ್ ತನ್ನ ಒಡೆಯರ ಹೆಸರು, ಊರು ಎಲ್ಲವನ್ನೂ ಬರೆದ. ಜನ ನಂಬಿದರು. ಆದರೆ ಓಡಿಬಂದ ಗುಲಾಮ ಎಲ್ಲಿದ್ದಾನೆಂಬುದು ಒಡೆಯನಿಗೂ ಗೊತ್ತಾಯಿತು. ಆತ ಬ್ರಿಟನ್ನಿಗೆ ಹೊರಟುಹೋಗಬೇಕಾಯಿತು. ಕೊನೆಗೆ ಅಲ್ಲಿನ ಸ್ನೇಹಿತರು ಹಣ ಕೂಡಿಸಿ ಅವನ ಬಿಡುಗಡೆಯನ್ನು ಕೊಂಡರು. ಹತ್ತು ವರ್ಷದ ನಂತರ ಬರೆದ ಎರಡನೆಯ ಆತ್ಮಕಥೆಗೆ ಆತ ಮುನ್ನುಡಿ ಬರೆಸಿದ್ದು ಜೇಮ್ಸ್ ಮೆಕ್ಯೂನ್ ಸ್ಮಿತ್ ಎಂಬ ಕಪ್ಪು ವೈದ್ಯರಿಂದ. ಆ ಬದಲಾವಣೆ ನನಗೆ ಒಳಗಿನ ಎಷ್ಟೋ ಪುಟಗಳಷ್ಟೇ ಮಾತಾಡುತ್ತದೆ.

ಹೆಸರು ಹೇಳಿದರೆ ಅಪಾಯ. ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹ್ಯಾರಿಯೆಟ್ ಜೇಕಬ್ಸ್ ಇದ್ದಾಳೆ. ನಾರ್ತ್ ಕರೊಲಿನಾದ ಈಡೆಂಟನ್ ಊರಿನಲ್ಲಿ ಒಡೆಯನ ಲೈಂಗಿಕ ಕಾಟ ತಾಳಲಾರದೆ ಆಕೆ ಅಜ್ಜಿಯ ಮನೆಯ ಮಾಡಿನ ಕೆಳಗೆ ಅಡಗಿದಳು. ಒಂಬತ್ತಡಿ ಉದ್ದ, ಏಳಡಿ ಅಗಲ. ಎತ್ತರ ಹೆಚ್ಚೆಂದರೆ ಮೂರಡಿ. ಎದ್ದು ನಿಲ್ಲಲಾಗದ ಆ ಜಾಗದಲ್ಲಿ ಸುಮಾರು ಏಳು ವರ್ಷ ಕಳೆದಳು. ಗೋಡೆಯ ತೂತಿನಿಂದ, ಬೀದಿಯಲ್ಲಿ ಆಡುವ ತನ್ನ ಮಕ್ಕಳನ್ನು ನೋಡುತ್ತಿದ್ದಳು. ಮಕ್ಕಳಿಗೆ ಅದು ಗೊತ್ತಿರಲಿಲ್ಲ.

ಉತ್ತರಕ್ಕೆ ತಪ್ಪಿಸಿಕೊಂಡು ಬಂದ ಮೇಲೆ, 'ಅಂಕಲ್ ಟಾಮ್ಸ್ ಕ್ಯಾಬಿನ್' ಬರೆದು ಹೆಸರಾಗಿದ್ದ ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ ಸಹಾಯ ಕೇಳಿದಳು. ಸ್ಟೋವ್ ಆ ಕಥೆ ನಿಜವೇ ಎಂದು ವಿಚಾರಿಸಿ ಜೇಕಬ್ಸ್ ಕೆಲಸಕ್ಕಿದ್ದ ಮನೆಯೊಡತಿಗೇ ಪತ್ರ ಬರೆದರು. ನಿಜವಾದರೆ ತಮ್ಮ ಮುಂದಿನ ಪುಸ್ತಕದಲ್ಲಿ ಸೇರಿಸಿಕೊಳ್ಳುವುದು ಅವರ ಯೋಚನೆ. ಜೇಕಬ್ಸ್ ಆ ಒಡತಿಗೂ ಬಾಯಿಬಿಟ್ಟು ಹೇಳಿರದ ಸಂಗತಿಗಳು ಹಾಗೆ ಹೊರಬಿದ್ದವು. ಗುಲಾಮಗಿರಿಯ ವಿರುದ್ಧ ಲೋಕವನ್ನೇ ಅಳಿಸಿದ ಲೇಖಕಿ ಇವರು! ಆ ಅವಮಾನದ ನಂತರ ಜೇಕಬ್ಸ್ ತನ್ನ ಕಥೆಯನ್ನು ತಾನೇ ಬರೆಯಲು ಕೂತಳು. ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮುಗಿದ ಮೇಲೆ, ರಾತ್ರಿ ಹೊತ್ತು, ಯಜಮಾನನಿಗೆ ತಿಳಿಯದಂತೆ.

1861ರಲ್ಲಿ ಪುಸ್ತಕ ಬಂತು. ಶೀರ್ಷಿಕೆಯ ಪುಟದಲ್ಲಿ ಆಕೆಯ ಹೆಸರಿಲ್ಲ, ಸಂಪಾದಕಿ ಲಿಡಿಯಾ ಮರಿಯಾ ಚೈಲ್ಡ್ ಅವರ ಹೆಸರಿದೆ. ಕಥೆ ಹೇಳುವವಳು ಲಿಂಡಾ ಬ್ರೆಂಟ್. ತನಗೆ ಆಶ್ರಯ ಕೊಟ್ಟವರನ್ನು ಕಾಪಾಡಲು ಆಕೆ ಎಲ್ಲರ ಹೆಸರನ್ನೂ ಬದಲಾಯಿಸಿದ್ದಳು. ಆ ಎಚ್ಚರವೇ ಅವಳಿಗೆ ಮುಳುವಾಯಿತು. ಇದು ಬಿಳಿ ಹೆಂಗಸು ಕಟ್ಟಿದ ಕಾದಂಬರಿ ಎಂಬ ಮಾತು ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಗುಲಾಮರ ಬದುಕನ್ನು ಅವರದೇ ಮಾತಿನಿಂದ ತಿಳಿಯಲು ಹೊರಟಿದ್ದ, ಸ್ವತಃ ಕಪ್ಪು ಇತಿಹಾಸಕಾರರಾದ ಜಾನ್ ಬ್ಲಾಸಿಂಗೇಮ್ ಕೂಡ 1972ರಲ್ಲಿ ಇದನ್ನು ನಂಬಲರ್ಹವಲ್ಲ ಎಂದು ಬದಿಗಿಟ್ಟರು. ತೀರಾ ನಾಟಕೀಯ ಎಂಬುದು ಅವರ ಆಕ್ಷೇಪ. ಮೂರಡಿ ಎತ್ತರದಲ್ಲಿ ಏಳು ವರ್ಷ ಮಲಗಿದ್ದವಳ ಕಥೆ ಸಪ್ಪೆಯಾಗಿರಬೇಕಿತ್ತೇ?

ಜೀನ್ ಫೇಗನ್ ಯೆಲಿನ್ ಎಂಬ ವಿದ್ವಾಂಸೆ, ಜೇಕಬ್ಸ್ ತನ್ನ ಗೆಳತಿ ಏಮಿ ಪೋಸ್ಟ್‌ಗೆ ಬರೆದ ಪತ್ರಗಳನ್ನು ಹಿಡಿದು ಹೊರಟರು. ಪುಸ್ತಕದ ಪಾತ್ರಗಳು ಈಡೆಂಟನ್ನಿನ ದಾಖಲೆಗಳಲ್ಲಿ ಒಬ್ಬೊಬ್ಬರಾಗಿ ಸಿಕ್ಕರು. 1987ರಲ್ಲಿ ಯೆಲಿನ್ ಸಂಪಾದಿಸಿದ ಆವೃತ್ತಿ ಹ್ಯಾರಿಯೆಟ್ ಜೇಕಬ್ಸ್ ಎಂಬ ಹೆಸರಿನಲ್ಲೇ ಬಂತು. ಆಕೆ ತೀರಿಕೊಂಡು ಆಗ 90 ವರ್ಷ.