ಟ್ರ್ಯಾಕ್‌ನಿಂದ ಶಾಲೆಯ ಅಂಗಳಕ್ಕೆ

ಓಡಿ ಗೆದ್ದವರೊಬ್ಬರು ಮುಂದೆ ಮಕ್ಕಳನ್ನು ಓದಿಸಲು ನಿಂತ ಕಥೆ ಈ ಸಂಚಿಕೆಯಲ್ಲಿರಲಿ ಎಂದು ಸಮಿತಿಯ ಹಿರಿಯರು ಬಯಸಿದಾಗ ಮೊದಲು ನೆನಪಾದ ಹೆಸರು ಅಶ್ವಿನಿ ನಾಚಪ್ಪ. ನಮ್ಮ ಹಾಸನ ಜಿಲ್ಲೆಯ ಗಡಿ ದಾಟಿದರೆ ಅವರ ಕೊಡಗು. ಅವರು ನಮ್ಮ ನೆರೆಯವರೇ.

ಅವರಿಗಿಂತ ಮೊದಲು ದಾರಿ ಹಾಕಿದವರು ಕೋಲಾರದ ಓಟಗಾರ ಕೆನೆತ್ ಪೊವೆಲ್. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿ, 1965ರ ಅರ್ಜುನ ಪ್ರಶಸ್ತಿ ಪಡೆದವರು. ಒಲಿಂಪಿಕ್ಸ್‌ನಲ್ಲೂ ಆಗ ಬೂದಿ-ಕಿಟ್ಟದ ಸಿಂಡರ್ ಟ್ರ್ಯಾಕೇ. ಸಿಂಥೆಟಿಕ್ ಬಂದದ್ದು 1968ರ ಮೆಕ್ಸಿಕೊದಲ್ಲಿ. ಪೊವೆಲ್ 2022ರಲ್ಲಿ ತೀರಿಕೊಂಡರು.

ಅಶ್ವಿನಿ ಹುಟ್ಟಿದ್ದು 1967ರಲ್ಲಿ. ಸಹೋದರಿ ಪುಷ್ಪಾ ಕೂಡ ಓಟಗಾರ್ತಿ. ಪಿ.ಟಿ. ಉಷಾ ಎದುರು ನಿಂತರೆ ಎರಡನೇ ಸ್ಥಾನವೇ ದೊಡ್ಡದು ಎನ್ನುತ್ತಿದ್ದ ಕಾಲದಲ್ಲಿ ಅಶ್ವಿನಿ ಉಷಾರನ್ನು ಎರಡು ಸಲ ಹಿಂದಿಕ್ಕಿದರು. 1988ರ ಅರ್ಜುನ ಪ್ರಶಸ್ತಿ ಬಂತು. ಟ್ರ್ಯಾಕ್ ಮೇಲಿನ ಉಡುಗೆಯ ಠೀವಿ ಕಂಡ ಪತ್ರಿಕೆಗಳು, ಅಮೆರಿಕದ ಓಟಗಾರ್ತಿಯ ಅಡ್ಡಹೆಸರಿನಿಂದ, ‘ಭಾರತದ ಫ್ಲೋ-ಜೋ’ ಎಂದವು.

1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದ 4x100 ಮೀಟರ್ ರಿಲೇಯಲ್ಲಿ ಅದೇ ಉಷಾ, ಅದೇ ಅಶ್ವಿನಿ ಒಂದೇ ತಂಡ. ಮುಂದಿನವಳು ಹಿಂದಿರುಗಿ ನೋಡದೆ ಕೈ ಚಾಚಬೇಕು, ಹಿಂದಿನವಳು ವೇಗ ತಗ್ಗಿಸದೆ ಬೇಟನ್ ಅಂಗೈಗೆ ಒತ್ತಬೇಕು. ಇದೆಲ್ಲ ಆಗ 20 ಮೀಟರ್ ಗೆರೆಗಳೊಳಗೇ ಮುಗಿಯಬೇಕಿತ್ತು. ಭಾರತ ಬೆಳ್ಳಿ ಗೆದ್ದಿತು.

ಆಮೇಲೆ ತೆಲುಗಿನ ‘ಅಶ್ವಿನಿ’ (1991) ಚಿತ್ರದಲ್ಲಿ ತಮ್ಮ ಪಾತ್ರವನ್ನೇ ಮಾಡಿದರು. ಸಿನಿಮಾ, ಮದುವೆ, ಮಕ್ಕಳು ಎಂದು ಕೆಲ ವರ್ಷ ಸರಿದವು. ‘ಕ್ಲೀನ್ ಸ್ಪೋರ್ಟ್ಸ್ ಇಂಡಿಯಾ’ ಮೂಲಕ ಕ್ರೀಡಾಡಳಿತ ಶುದ್ಧವಾಗಲಿ ಎಂದು ದನಿ ಎತ್ತಿದ್ದು ಎಲ್ಲರಿಗೂ ಹಿಡಿಸಲಿಲ್ಲ. ಆ ವಿವರಕ್ಕೆ ಇದು ಜಾಗವಲ್ಲ.

ಈ ಲೇಖನಕ್ಕೆ ಮುಖ್ಯವಾದದ್ದು ಕೊಡಗಿನ ಗೋಣಿಕೊಪ್ಪಲಿನ ಬಳಿಯ ಶಾಲೆ. ಪತಿ ದತ್ತ ಕರುಂಬಯ್ಯ ಅವರೊಂದಿಗೆ ಕಟ್ಟಿದ ಕರುಂಬಯ್ಯ ಅಕಾಡೆಮಿ ಫಾರ್ ಲರ್ನಿಂಗ್ ಅಂಡ್ ಸ್ಪೋರ್ಟ್ಸ್ ಹೆಸರಿನಲ್ಲೇ ಓದು, ಆಟ ಎರಡೂ ಇವೆ. ಉಷಾ ಕೂಡ 2002ರಲ್ಲಿ ಕೇರಳದಲ್ಲಿ ಓಟದ ಶಾಲೆ ತೆರೆದರು. ಪದಕ ಗೆದ್ದು ಊರಿನ ಸನ್ಮಾನಕ್ಕೆ ಹಾರ ಹಾಕಿಸಿಕೊಂಡವರು ಬಹಳ. ಊರಿನ ಕಡೆಗೆ ಬಂದು ಶಾಲೆ ಕಟ್ಟಿದವರು ಕಡಿಮೆ.

ನಮ್ಮ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯ ಹುಡುಗಿಯರೂ ಹೋಬಳಿ, ತಾಲ್ಲೂಕು ಕೂಟಗಳಲ್ಲಿ ಬರಿಗಾಲಲ್ಲೇ ಓಡಿ ಗೆಲ್ಲುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಎಷ್ಟೋ ಮಂದಿಯ ಓಟ ನಿಂತುಬಿಡುತ್ತದೆ. ಇದನ್ನು ಓದುವ ಹಳೆಯ ವಿದ್ಯಾರ್ಥಿಗಳು ತಮ್ಮ ಶಾಲೆಯ ದೈಹಿಕ ಶಿಕ್ಷಕರನ್ನು ಕಂಡು, ಒಬ್ಬಳಿಗಾದರೂ ಸ್ಪೈಕ್ಸ್ ಕೊಡಿಸಿ, ಅವಳ ಕಾಲೇಜು ಫೀಸಿನ ಹೊಣೆ ಹೊರಬೇಕೆಂದು ವಿನಂತಿ.